ಡಾಲರ್ ಆರ್ಡರ್ ಬಂತಾ? ಬೈಯರ್ ಯಾರೆಂದು ನೋಡುವುದು ಹೀಗೆ

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಹೊರದೇಶದ ಆರ್ಡರ್ ಬಂದರೆ ಮೊದಲು ರೇಟ್ ಮಾತಾಡುತ್ತಾರೆ. ಬೈಯರ್ ಯಾರು ಅನ್ನೋದು ನೆನಪಾಗುವುದು ಪೇಮೆಂಟ್ ಸಿಕ್ಕಿಹಾಕಿಕೊಂಡಾಗ. ಅಮೆರಿಕದ ಕಾನೂನು ನಮಗೇಕೆ ಅಂತ ಆಗಲೂ ಕೇಳುವವರಿದ್ದಾರೆ. ಡಾಲರ್ ಹಣ ಸಾಮಾನ್ಯವಾಗಿ ಅಮೆರಿಕದ ಬ್ಯಾಂಕ್ ಹಾಯ್ದೇ ಬರುತ್ತದೆ. ಯಾರ ಜೊತೆ ವ್ಯವಹಾರ ಮಾಡಬಾರದೆಂದು ಅಮೆರಿಕ ಸರ್ಕಾರ ಒಂದು ನಿರ್ಬಂಧ ಪಟ್ಟಿ ಮಾಡಿದೆ, ಅದರಲ್ಲಿರುವವರ ಹಣವನ್ನು ಆ ಬ್ಯಾಂಕ್ ತಡೆಹಿಡಿಯಲೇಬೇಕು. ರಷ್ಯಾಕ್ಕೆ ಸರಕು ಕಳಿಸಿದ ಆರೋಪದ ಮೇಲೆ 2024ರ ಅಕ್ಟೋಬರ್ 30ರಂದು ಭಾರತದ ಹಲವು ಕಂಪನಿಗಳೇ ಆ ಪಟ್ಟಿ ಸೇರಿದವು.

ಮೊದಲು ಬೈಯರ್, ಸರಕು ಪಡೆಯುವವರು, ಅವರ ಬ್ಯಾಂಕ್, ಹಡಗು, ಎಲ್ಲ ಹೆಸರನ್ನೂ ಬರೆದುಕೊಳ್ಳಿ.

ಆಮೇಲೆ ಈ ಪಟ್ಟಿ ನೋಡಿಕೊಳ್ಳುವ ಓಫ್ಯಾಕ್ (OFAC) ಎಂಬ ಅಮೆರಿಕದ ಖಜಾನೆ ಇಲಾಖೆಯ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿ. ಇದು ಉಚಿತ. ಅಲ್ಲಿ ಹೆಸರು ಎಷ್ಟು ಹೋಲಬೇಕು ಅನ್ನುವ ಅಂಕ ಮೊದಲೇ 100ಕ್ಕೆ ಇರುತ್ತದೆ. ಅದನ್ನು 80ಕ್ಕೆ ಇಳಿಸಿ. ಅರಬ್ಬಿ, ರಷ್ಯನ್ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆಯುತ್ತಾರೆ. 100ರಲ್ಲೇ ಬಿಟ್ಟರೆ ಒಂದು ಅಕ್ಷರ ಬೇರೆಯಾದರೂ ಹೆಸರು ತಪ್ಪಿಹೋಗಬಹುದು. ಹೋಲುವ ಹೆಸರು ಸಿಕ್ಕರೆ ಗಾಬರಿ ಬೇಡ. ವಿಳಾಸ, ಹುಟ್ಟಿದ ದಿನಾಂಕ ತಾಳೆ ನೋಡಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಪಟ್ಟಿಯನ್ನೂ ಬಿಡಬೇಡಿ. ಅದರಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ ಹೆಸರುಗಳ ಮೇಲಿನ ನಿರ್ಬಂಧ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ) ಕಾಯ್ದೆಯ 51ಎ ಸೆಕ್ಷನ್ ಮೂಲಕ ನಮ್ಮ ದೇಶದಲ್ಲೂ ಜಾರಿಯಲ್ಲಿದೆ. ದುಡ್ಡು ತೆಗೆದುಕೊಂಡು, ಬೈಯರ್ ಯಾವ ಪಟ್ಟಿಯಲ್ಲೂ ಇಲ್ಲ ಅಂತ 'ಕ್ಲಿಯರ್ ಸರ್ಟಿಫಿಕೇಟ್' ಕೊಡುವವರಿದ್ದಾರೆ. ಕೊಳ್ಳಬೇಡಿ. ಅದನ್ನು ಯಾವ ಬ್ಯಾಂಕೂ ಒಪ್ಪಲೇಬೇಕೆಂದಿಲ್ಲ.

ಜನ ಎಡವುವುದು ಮುಂದಿನ ಹಂತದಲ್ಲಿ. ಕಂಪನಿಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದು ನಿರ್ಬಂಧಕ್ಕೆ ಒಳಪಟ್ಟಿರಬಹುದು. ಪಟ್ಟಿಯಲ್ಲಿರುವವರ ಪಾಲು ಒಟ್ಟು ಶೇ 50 ಅಥವಾ ಜಾಸ್ತಿ ಇದ್ದರೆ ಸಾಕು, ಇದು ಓಫ್ಯಾಕ್ ನಿಯಮ. ಒಬ್ಬರದು ಶೇ 25, ಇನ್ನೊಬ್ಬರದು ಶೇ 25 ಇದ್ದರೆ ಎರಡನ್ನೂ ಕೂಡಿಸಬೇಕು. ಮೇಲೆ ಇನ್ನೊಂದು ಕಂಪನಿ ಇದ್ದರೆ ಲೆಕ್ಕ ಇನ್ನೂ ಹುಷಾರಾಗಿ ಮಾಡಬೇಕು. ಪಟ್ಟಿಯಲ್ಲಿರುವವನಿಗೆ ಮೇಲಿನ ಕಂಪನಿಯಲ್ಲಿ ಶೇ 50, ಆ ಕಂಪನಿಗೆ ನಿಮ್ಮ ಬೈಯರ್‌ನಲ್ಲಿ ಶೇ 50 ಪಾಲಿದೆ ಅಂದುಕೊಳ್ಳಿ. ಅರ್ಧದ ಅರ್ಧ ಶೇ 25 ತಾನೇ ಅಂತ ಗುಣಿಸಿ ಸುಮ್ಮನಾಗುತ್ತಾರೆ. ಅದು ತಪ್ಪು. ಮೇಲಿನ ಕಂಪನಿಯೇ ನಿರ್ಬಂಧಕ್ಕೆ ಒಳಪಟ್ಟಂತೆ, ಹಾಗಾಗಿ ಕೆಳಗಿನದೂ ಒಳಪಡುತ್ತದೆ. ಒಂದೊಂದೇ ಮೆಟ್ಟಿಲು ನೋಡುತ್ತಾ ಬನ್ನಿ. ಬ್ರಿಟನ್, ಯುರೋಪಿನವರು ಪಾಲಿನ ಜೊತೆಗೆ ಕಂಪನಿ ಯಾರ ಹಿಡಿತದಲ್ಲಿದೆ ಅನ್ನೋದನ್ನೂ ನೋಡುತ್ತಾರೆ. ಅದಕ್ಕೇ ಬೈಯರ್‌ನಿಂದ ಸುಮ್ನೆ ಒಂದು ಸ್ವಯಂಘೋಷಣೆ ತೆಗೆದುಕೊಂಡರೆ ಸಾಲದು. ಅವರ ದೇಶದ ಕಂಪನಿ ನೋಂದಣಿಯ ಪ್ರತಿ ಮತ್ತು ಷೇರುದಾರರ ಪಟ್ಟಿ ಕೇಳಿ. ಕೊಡಲು ಹಿಂಜರಿದರೆ ಆರ್ಡರ್ ಬಿಡಿ.

ನಿಮ್ಮ ಸರಕು ಡಿಜಿಎಫ್‌ಟಿಯ (ನಮ್ಮ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಸ್ಕೋಮೆಟ್ ಪಟ್ಟಿಯಲ್ಲಿ, ಅಂದರೆ ಸೇನೆಗೂ ಬಳಕೆಯಾಗಬಹುದಾದ ಸರಕುಗಳ ಪಟ್ಟಿಯಲ್ಲಿ, ಇದೆಯೇ ನೋಡಿ. ಇದ್ದರೆ ಅನುಮತಿ ಬೇಕು. ಬೇರಿಂಗ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳಾದರೆ ಕೊನೆಗೆ ಬಳಸುವವರು ಯಾರೆಂದು ಬರೆಸಿಕೊಳ್ಳಿ. ಯುದ್ಧಕ್ಕೆ ಬೇಕಾದ ಇಂಥ ಸರಕು ಮೂರನೇ ದೇಶ ಸುತ್ತಿ ರಷ್ಯಾ ಸೇರುತ್ತದೆ ಎಂದು ಅಮೆರಿಕ, ಯುರೋಪ್ ಇವುಗಳ ಮೇಲೆ ಕಣ್ಣಿಟ್ಟಿವೆ.

ಹುಡುಕಿದ ಪುಟವನ್ನು ದಿನಾಂಕದ ಸಮೇತ ಪಿಡಿಎಫ್ ಮಾಡಿ, ಪ್ರಿಂಟನ್ನೂ ಫೈಲಿಗೆ ಹಾಕಿ. ಓಫ್ಯಾಕ್ ನಿಯಮಕ್ಕೆ ಬರುವ ವಹಿವಾಟಿನ ದಾಖಲೆಯನ್ನು ಮೊದಲು 5 ವರ್ಷ ಇಟ್ಟರೆ ಸಾಕಿತ್ತು. 2025ರ ಮಾರ್ಚ್ 12ರಿಂದ ಅದು 10 ವರ್ಷ. ಪಟ್ಟಿ ಪದೇ ಪದೇ ಬದಲಾಗುತ್ತದೆ. ಆದ್ದರಿಂದ ಸರಕು ಹೊರಡುವ ದಿನ ಮತ್ತೊಮ್ಮೆ ಹುಡುಕಿ. ಹೆಸರು ನಿಜವಾಗಿಯೂ ತಾಳೆಯಾದರೆ ಸರಕು ನಿಲ್ಲಿಸಿ, ಬ್ಯಾಂಕಿಗೆ ಮತ್ತು ವಕೀಲರಿಗೆ ತಿಳಿಸಿ. ಇನ್‌ವಾಯ್ಸ್‌ನಲ್ಲಿ ಬೇರೆ ಹೆಸರು ಹಾಕಿಕೊಡಿ ಅಂತ ಬೈಯರ್ ಕೇಳಿದರೆ ಖಂಡಿತ ಒಪ್ಪಬೇಡಿ.