ನೀರೊಳಗೆ ಏನೋ ಬಡಿಯಿತು, ದೋಣಿಯ ಮೋಟರ್ ನಡುಗುತ್ತಿದೆ: ಎಲ್ಲಿಂದ ಹುಡುಕಬೇಕು?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಮಳೆಗಾಲ ಮುಗಿಯುವಷ್ಟರಲ್ಲಿ ಈ ಅಳಿವೆಗಳ ತಳ ಹೋದ ವರ್ಷದಂತೆ ಇರುವುದಿಲ್ಲ. ಹೂಳು ಜಾಗ ಬದಲಿಸುತ್ತದೆ, ಘಟ್ಟದ ಮೇಲಿನಿಂದ ಮರದ ದಿಮ್ಮಿಗಳು ತೇಲಿ ಬರುತ್ತವೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಕಲ್ಲು ಮಣ್ಣು ಗಂಗಾವಳಿಗೆ ಬಿತ್ತು. ಮರುತಿಂಗಳೇ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಕುಸಿಯಿತು. ಅಂಥದ್ದು ಅಪರೂಪ ಬಿಡಿ. ದಿನನಿತ್ಯ ಮೋಟರಿಗೆ ಬಡಿಯುವುದು ಭರತದ ನೀರಲ್ಲಿ ಮುಳುಗಿದ ಬಂಡೆ, ಯಾರೋ ಬಿಟ್ಟುಹೋದ ಬಲೆಗೂಟ, ಅರ್ಧ ಮುಳುಗಿದ ಮರ.

ಬಡಿದ ಮೇಲೆ ದೋಣಿಯ ಹಿಂದಿನ ಹಲಗೆಗೆ ಕೂರಿಸುವ ಔಟ್‌ಬೋರ್ಡ್ ಮೋಟರ್ ನಡುಗಿದರೆ ಹೆಚ್ಚಿನವರು ಮಾಡುವುದು ಒಂದೇ: ಹೊಸ ಫ್ಯಾನ್ ತಂದು ಹಾಕುವುದು. ಪ್ರೊಪೆಲರ್‌ಗೆ ನಮ್ಮ ಕಡೆ ಫ್ಯಾನ್ ಅಂತಲೇ ಹೆಸರಲ್ವಾ. ತಪ್ಪು ಫ್ಯಾನಿನದ್ದೇ ಆಗಿರುವುದು ಜಾಸ್ತಿ, ನಿಜ. ಆದರೆ ಫ್ಯಾನ್ ತಿರುಗಿಸುವ ಶಾಫ್ಟ್ ಬಾಗಿದ್ದರೆ ಹೊಸ ಫ್ಯಾನೂ ನಡುಗುತ್ತದೆ. ಅಷ್ಟರಲ್ಲಿ ನೀರು ಒಳಗೆ ಬರದಂತೆ ತಡೆಯುವ ಆಯಿಲ್ ಸೀಲ್ ಹರಿದು ಗೇರಿಗೆ ಉಪ್ಪುನೀರು ಸೇರುತ್ತದೆ. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಹುಡುಕುವುದೇ ಲಾಭ.

ಬಡಿದ ಕೂಡಲೇ

ಮೋಟರ್ ಆಫ್ ಮಾಡಿ. ಮೊದಲು ನೋಡಬೇಕಾದ್ದು ಮೋಟರನ್ನಲ್ಲ, ದೋಣಿಯ ತಳವನ್ನು. ನೀರು ಒಳಗೆ ಬರುತ್ತಿದೆಯೇ? ಮೋಟರ್ ಕೂತಿರುವ ಹಿಂದಿನ ಹಲಗೆ ಬಿರುಕು ಬಿಟ್ಟಿದೆಯೇ, ಕ್ಲಾಂಪ್ ಬೋಲ್ಟ್ ಸಡಿಲವಾಗಿದೆಯೇ? ಬೋಲ್ಟ್ ಸಡಿಲವಾದರೂ ಇಡೀ ಮೋಟರ್ ನಡುಗುತ್ತದೆ. ಹಾಗಿದ್ದರೆ ಬಿಗಿ ಮಾಡಿದರೆ ಕೆಲಸ ಮುಗಿಯಿತು.

ಆಮೇಲೆ ಮೋಟರನ್ನು ಮೇಲಕ್ಕೆತ್ತಿ. ಬಲೆಯ ನೂಲು, ಹಗ್ಗ ಸುತ್ತಿಕೊಂಡಿದ್ದರೆ ಬಿಡಿಸಿ. ಕೆಳಗಿನ ಗೇರ್ ಪೆಟ್ಟಿಗೆ ಒಡೆದು ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡದಿರುವುದೇ ಒಳ್ಳೆಯದು. ಒಡೆದಿಲ್ಲ, ನಡುಕವೂ ಸಣ್ಣದು ಅಂದರೆ ನಿಧಾನಕ್ಕೆ ದಡ ಸೇರಿ. ತಂಪು ಮಾಡುವ ನೀರು ಹಿಂದಿನ ತೂತಿನಿಂದ ಬರುತ್ತಿದೆಯೇ ಎಂದು ಕಣ್ಣಿಟ್ಟಿರಿ. ಕೆಸರಿಗೆ ತಾಗಿದಾಗ ನೀರು ಎಳೆಯುವ ಜಾಲರಿ ಕಟ್ಟಿಕೊಳ್ಳುವುದುಂಟು. ದಡ ಸೇರಲು ಆಗುವುದೇ ಇಲ್ಲ ಅನ್ನುವಾಗ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಮೊದಲ ಪ್ರಶ್ನೆ: ನ್ಯೂಟ್ರಲ್‌ನಲ್ಲೂ ನಡುಗುತ್ತದೆಯೇ?

ದಡಕ್ಕೆ ಬಂದ ಮೇಲೆ ಇದೊಂದು ಪರೀಕ್ಷೆ ಅರ್ಧ ಉತ್ತರ ಕೊಡುತ್ತದೆ. ಮೋಟರಿನ ಕೆಳಭಾಗ ನೀರಿನಲ್ಲೇ ಇರಲಿ. ಒಣಗಿದ್ದಾಗ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ರೇಸ್ ಕೊಡಿ. ಆಗ ಎಂಜಿನ್ ತಿರುಗುತ್ತದೆ, ಅದರಿಂದ ಕೆಳಗಿಳಿಯುವ ಉದ್ದ ಶಾಫ್ಟ್ ತಿರುಗುತ್ತದೆ, ಫ್ಯಾನಿನ ಶಾಫ್ಟ್‌ಗೆ ಮಾತ್ರ ಶಕ್ತಿ ಹೋಗುವುದಿಲ್ಲ.

ನ್ಯೂಟ್ರಲ್‌ನಲ್ಲಿ ಸುಮ್ನೆ ಓಡಿ, ಗೇರ್ ಹಾಕಿದಾಗ ಮಾತ್ರ ನಡುಗಿದರೆ ತೊಂದರೆ ಕೆಳಗಿದೆ: ಫ್ಯಾನ್, ಅದರ ಶಾಫ್ಟ್ ಅಥವಾ ಗೇರ್. ಎರಡರಲ್ಲೂ ನಡುಗಿದರೆ ಮೇಲೆ ಹುಡುಕಿ. ಎಂಜಿನ್ ಕೂರುವ ರಬ್ಬರ್ ಮೌಂಟ್ ಹರಿದಿರಬಹುದು, ಉದ್ದ ಶಾಫ್ಟ್ ಬಾಗಿರಬಹುದು. ಜೋರಾಗಿ ಓಡುವಾಗ ಒಮ್ಮೆಲೇ ನಿಂತಿದ್ದರೆ ಫ್ಲೈವೀಲಿನ ಕೀ ಕತ್ತರಿಸಿ ಟೈಮಿಂಗ್ ತಪ್ಪುವುದೂ ಇದೆ, ಆದರೆ ಅಪರೂಪ. ಸೀಮೆಎಣ್ಣೆಯಲ್ಲಿ ಓಡುವ ಮೋಟರಿನವರು ಇನ್ನೊಂದನ್ನು ನೆನಪಿಡಬೇಕು. ಪ್ಲಗ್ ಮಸಿ ಕಟ್ಟಿದರೆ ಬಡಿಯದೇ ಇದ್ದರೂ ಮೋಟರ್ ಕುಣಿಯುತ್ತದೆ. ಮೊದಲು ಪ್ಲಗ್ ಬಿಚ್ಚಿ ನೋಡಿ.

ಫ್ಯಾನೋ, ಶಾಫ್ಟೋ?

ಇಲ್ಲಿ ಅವಸರ ಬೇಡ. ಪ್ಲಗ್ ವಯರ್‌ಗಳನ್ನು ತೆಗೆದಿಡಿ, ಕಿತ್ತರೆ ಎಂಜಿನ್ ನಿಲ್ಲುವ ಸೇಫ್ಟಿ ಕ್ಲಿಪ್ಪನ್ನೂ ಕಿತ್ತಿಡಿ. ಮೋಟರ್ ತಾನಾಗಿ ಸ್ಟಾರ್ಟ್ ಆದರೆ ಬೆರಳು ಹೋಗುತ್ತದೆ. ಮೋಟರ್ ಎತ್ತಿ ನ್ಯೂಟ್ರಲ್‌ನಲ್ಲಿಡಿ. ಒಂದು ಗಟ್ಟಿ ಕಡ್ಡಿಯನ್ನು ಅಲುಗದಂತೆ ಕಟ್ಟಿ, ಅದರ ತುದಿ ಒಂದು ರೆಕ್ಕೆಯ ಅಂಚಿಗೆ ಕೂದಲೆಳೆ ದೂರ ಇರುವಂತೆ ಮಾಡಿ. ಈಗ ಫ್ಯಾನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸೈಕಲ್ ರಿಮ್ ಔಟ್ ಆಗಿದೆಯೇ ಎಂದು ನೋಡುವ ವಿಧಾನವೇ ಇದು. ಎಲ್ಲ ರೆಕ್ಕೆಗಳೂ ಕಡ್ಡಿಗೆ ಅಷ್ಟೇ ದೂರದಲ್ಲಿ ಹಾದುಹೋಗಬೇಕು. ಒಂದು ಮಾತ್ರ ದೂರ ಅಥವಾ ಹತ್ತಿರ ಬಂದರೆ ಆ ರೆಕ್ಕೆ ಬಾಗಿದೆ.

ಇದಾದ ಮೇಲೆ ಫ್ಯಾನ್ ಬಿಚ್ಚಿ. ಸ್ಪ್ಲಿಟ್ ಪಿನ್, ನಟ್, ವಾಷರ್‌ಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿಡಿ. ಫ್ಯಾನಿನ ಹಿಂದಿನ ವಾಷರಿನ ಒಳಗೆ ನೈಲಾನ್ ನೂಲು ಸುತ್ತಿಕೊಂಡಿದೆಯೇ ನೋಡಿ. ಹೊರಗಿನಿಂದ ಅದು ಕಾಣುವುದಿಲ್ಲ, ಆದರೆ ಸೀಲನ್ನು ಕೊಯ್ಯುತ್ತದೆ. ಈಗ ಅದೇ ಕಡ್ಡಿಯನ್ನು ಬರಿಯ ಶಾಫ್ಟಿನ ತುದಿಗೆ ಹಿಡಿದು ತಿರುಗಿಸಿ. ಶಾಫ್ಟಿನ ತುದಿ ಒಂದೇ ಕಡೆ ನಿಂತು ತಿರುಗಬೇಕು. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಶಾಫ್ಟ್ ಬಾಗಿದೆ, ಬದಲಾಯಿಸಲೇಬೇಕು. ಅನುಮಾನ ಬಂದರೆ ಮೆಕ್ಯಾನಿಕ್ ಹತ್ತಿರ ಡಯಲ್ ಗೇಜ್ ಇಟ್ಟು ಅಳೆಸಿ. ಬಡಿದು ನೇರ ಮಾಡಿಕೊಡುತ್ತೇನೆ ಅನ್ನುವವರ ಮಾತು ಕೇಳಬೇಡಿ.

ಅಂಚಿನಲ್ಲಿ ಸಣ್ಣ ಕಚ್ಚು ಮಾತ್ರ ಇದ್ದರೆ ಅರದಿಂದ ಉಜ್ಜಿ ನಯ ಮಾಡಬಹುದು. ಅಲ್ಯೂಮಿನಿಯಂ ಫ್ಯಾನಿನ ರೆಕ್ಕೆಯನ್ನು ಸುತ್ತಿಗೆಯಿಂದ ತಿರುಗಿ ಬಾಗಿಸಿದರೆ ಒಳಗೇ ಬಿರುಕು ಬಿಟ್ಟು ಇನ್ನೊಂದು ದಿನ ಸಮುದ್ರದಲ್ಲಿ ಮುರಿಯುತ್ತದೆ. ಸ್ಟೀಲ್ ಫ್ಯಾನ್ ಸುಲಭವಾಗಿ ಬಾಗುವುದಿಲ್ಲ ಅಂತ ಖುಷಿಪಡಬೇಡಿ, ಪೆಟ್ಟು ಸೀದಾ ಶಾಫ್ಟಿಗೂ ಗೇರಿಗೂ ಹೋಗಿರುತ್ತದೆ.

ಎಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಮಾತ್ರ ಮುಂದೆ ಹೋಗದು ಅಂದರೆ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುತ್ತಿರಬೇಕು. ಒಳಬುಷ್‌ನಿಂದ ಹೊರಭಾಗಕ್ಕೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದು ಒಣಗಿಸಿ, ಓಡಿಸಿ ನೋಡಿ. ಗೆರೆ ಎರಡಾಗಿ ಸರಿದಿದ್ದರೆ ಅದೇ ತೊಂದರೆ. ಸಣ್ಣ ಮೋಟರುಗಳಲ್ಲಿ ಬುಷ್ ಬದಲು ಪಿನ್ ಇರುತ್ತದೆ. ಅದು ಕತ್ತರಿಸಿದರೆ ಹೊಸ ಪಿನ್ ಹಾಕಿ, ಮೊಳೆ ಅಲ್ಲ. ಗೇರ್ ಉಳಿಯಲಿ ಅಂತಲೇ ಆ ಪಿನ್ ಮೆತ್ತಗಿರುತ್ತದೆ.

ಗೇರ್ ಆಯಿಲ್ ನೋಡದೆ ಬಿಡಬೇಡಿ

ನಡುಕ ಹೋಯಿತು ಅಂತ ಸಮಾಧಾನವಾದರೂ ಇದೊಂದು ಮಾಡಿ. ಮೋಟರನ್ನು ನೇರ ನಿಲ್ಲಿಸಿ ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಗ್ಗೆ ಕೆಳಗಿನ ಸ್ಕ್ರೂ ತೆಗೆದು, ಆಮೇಲೆ ಮೇಲಿನದನ್ನೂ ತೆಗೆದು ಎಣ್ಣೆ ಇಳಿಸಿ. ನೀರು ಭಾರವಾದ್ದರಿಂದ ಮೊದಲು ಅದೇ ಬರುತ್ತದೆ. ಎಣ್ಣೆ ಬೆಳ್ಳಗೆ ಕದಡಿದ್ದರೆ ಸೀಲ್ ಹೋಗಿದೆ. ಸ್ಕ್ರೂವಿನ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದುಬಣ್ಣದ ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಗೇರಿನ ಹಲ್ಲು ಮುರಿದಿದೆ, ಮುಂದಿನದು ಮೆಕ್ಯಾನಿಕ್ ಕೆಲಸ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನಿಂದ ಉಕ್ಕುವ ತನಕ. ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ.

ಟ್ರಾಲ್, ಪರ್ಸೀನ್ ಬೋಟುಗಳ ಲೆಕ್ಕ ಬೇರೆ. ಅಲ್ಲಿ ಎಂಜಿನ್ ಒಳಗಿದ್ದು ಶಾಫ್ಟ್ ಉದ್ದವಾಗಿರುತ್ತದೆ. ಶಾಫ್ಟ್ ಹೊರಹೋಗುವ ಜಾಗದಲ್ಲಿ ನೀರು ಮೊದಲಿಗಿಂತ ಜಾಸ್ತಿ ತೊಟ್ಟಿಕ್ಕುತ್ತಿದೆಯೇ ಎಂದು ಬೋಟ್ ನಡೆಸುವ ತಾಂಡೇಲರು ನೋಡಬಹುದು. ಉಳಿದದ್ದು ಬೋಟನ್ನು ದಡಕ್ಕೆಳೆದ ಮೇಲೆ. ಶಾಫ್ಟ್ ಕಪ್ಲಿಂಗಿನ ಅಲೈನ್‌ಮೆಂಟ್ ಮಾತ್ರ ಬೋಟ್ ಮತ್ತೆ ನೀರಿಗಿಳಿದ ನಂತರ ನೋಡಿಸಿ, ದಡದಲ್ಲಿದ್ದಾಗ ಬೋಟಿನ ಮೈ ಸ್ವಲ್ಪ ಬಾಗಿರುತ್ತದೆ.