ಸರ್ವೆ ನಂಬರ್ ತಾರೀಖಾಗದಂತೆ ಸಿಎಸ್‌ವಿ ಕಡತವನ್ನು ಎಕ್ಸೆಲ್‌ಗೆ ತರುವುದು ಹೇಗೆ?

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಸಂಘವೊಂದಕ್ಕೆ ಸದಸ್ಯರ ಪಟ್ಟಿ ಇ-ಮೇಲ್‌ನಲ್ಲಿ ಬಂದಿದೆ ಎಂದುಕೊಳ್ಳೋಣ. ಕಡತ ಸಿಎಸ್‌ವಿ ರೂಪದಲ್ಲಿದೆ, ಅಂದರೆ ಕಂಬಗಳನ್ನು ಅಲ್ಪವಿರಾಮದಂಥ ಚಿಹ್ನೆಯಿಂದ ಬೇರ್ಪಡಿಸಿದ ಬರಿಯ ಪಠ್ಯದ ಕಡತ. ಕಾರ್ಯದರ್ಶಿ ಅದರ ಮೇಲೆ ಎರಡು ಸಲ ಒತ್ತುತ್ತಾರೆ, ಎಕ್ಸೆಲ್ ತೆರೆಯುತ್ತದೆ, ಸಾಲು ಕಂಬಗಳೆಲ್ಲ ಸರಿಯಾಗಿಯೇ ಇರುವಂತೆ ಕಾಣುತ್ತವೆ. ಆದರೆ ಉತಾರದಲ್ಲಿ (ಪಹಣಿಯಲ್ಲಿ) 12/3 ಎಂದಿದ್ದ ಸರ್ವೆ ನಂಬರ್ ಮಾರ್ಚ್ 12 ಆಗಿರುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿರುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸಿಕೊಳ್ಳುವುದೇ ಇದಕ್ಕೆ ಕಾರಣ.

ಆಮೇಲೆ ಆ ಕಂಬವನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೂ ಹೋದದ್ದು ಮರಳಿ ಬರುವುದಿಲ್ಲ. ಎಕ್ಸೆಲ್ ದಿನಾಂಕವನ್ನು 1900ರಿಂದ ಎಣಿಸಿದ ದಿನಗಳ ಲೆಕ್ಕವಾಗಿ ಇಟ್ಟುಕೊಳ್ಳುವುದರಿಂದ, 2025ರ ಮಾರ್ಚ್ 12 ಎಂದು ತಿಳಿದುಕೊಂಡಿದ್ದ ಕಡೆ 45728 ಎಂಬ ಸಂಖ್ಯೆ ಕಾಣಿಸುತ್ತದೆಯೇ ಹೊರತು 12/3 ಅಲ್ಲ. ಹಾಗಾಗಿ ಸಿಎಸ್‌ವಿ ಕಡತವನ್ನು ನೇರವಾಗಿ ತೆರೆಯದೆ ಆಮದು ಮಾಡಿಕೊಳ್ಳಬೇಕು.

ಮೊದಲು ಕಡತದ ಒಂದು ನಕಲು ತೆಗೆದಿಟ್ಟು, ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಕಂಬಗಳ ನಡುವೆ ಇರುವುದು ಅಲ್ಪವಿರಾಮವೋ, ಅರ್ಧವಿರಾಮವೋ, ಟ್ಯಾಬ್ ಅಂತರವೋ, ನೆಟ್ಟನೆಯ ಗೀಟೋ ಎಂಬುದನ್ನು ಗಮನಿಸಿ. ‘ಬಸವೇಶ್ವರ ಗುಡಿ ಹತ್ತಿರ, ತಿಕೋಟಾ’ ಎಂಬ ವಿಳಾಸದಲ್ಲೂ 1,25,000 ಎಂಬ ಮೊತ್ತದಲ್ಲೂ ಅಲ್ಪವಿರಾಮ ಇದ್ದೇ ಇರುತ್ತದೆ. ಅಂಥವು ಜೋಡಿ ಉದ್ಧರಣ ಚಿಹ್ನೆಯೊಳಗೆ ಇದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಮೊತ್ತವೊಂದೇ 1, 25, 000 ಎಂದು ಮೂರು ಕಂಬಗಳಿಗೆ ಹರಿದು ಹಂಚಿಹೋಗುತ್ತದೆ. ಆಗ ಕಳುಹಿಸಿದವರನ್ನೇ ಕೇಳಿ, ಟ್ಯಾಬ್‌ನಿಂದ ಬೇರ್ಪಡಿಸಿದ ಕಡತ ತರಿಸಿಕೊಳ್ಳುವುದು ಕೈಯಿಂದ ತಿದ್ದುವುದಕ್ಕಿಂತ ಲೇಸು.

ಈಗ ಎಕ್ಸೆಲ್‌ನಲ್ಲಿ ಖಾಲಿ ಪುಟ ತೆರೆದು, ‘ಡೇಟಾ’ ಟ್ಯಾಬ್‌ನಲ್ಲಿರುವ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಕಡತವನ್ನು ಆರಿಸಿ. ಬರುವ ಮುನ್ನೋಟದ ಕಿಟಕಿಯ ಮೇಲ್ಭಾಗದಲ್ಲಿ ಮೂರು ಆಯ್ಕೆಗಳಿರುತ್ತವೆ.

ಮೊದಲನೆಯದು ‘ಫೈಲ್ ಒರಿಜಿನ್’. ಕನ್ನಡದ ಹೆಸರುಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಂಡರೆ ಇಲ್ಲಿ ‘65001: ಯುನಿಕೋಡ್ (ಯುಟಿಎಫ್-8)’ ಎಂಬುದನ್ನು ಆರಿಸಿ. ಈ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ತಂತ್ರಾಂಶ ಅವನ್ನು ಬಿಡಿಬಿಡಿಯಾಗಿ ಓದಿದಾಗ ಆ ಗೊಂದಲ ಹುಟ್ಟುತ್ತದೆ. ಇದನ್ನು ಆರಿಸಿದರೂ ಅಕ್ಷರ ಮೂಡದಿದ್ದರೆ, ಪಟ್ಟಿಯನ್ನು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿರುವ ಸಾಧ್ಯತೆಯೇ ಹೆಚ್ಚು. ನಮ್ಮ ಕಚೇರಿಗಳ ಹಳೆಯ ಕಂಪ್ಯೂಟರ್‌ಗಳಲ್ಲಿ ಇಂಥ ಕಡತಗಳಿಗೆ ಬರವಿಲ್ಲ. ಅವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಿಸಿಯೇ ಮುಂದುವರಿಯಬೇಕು.

ಎರಡನೆಯದಾದ ‘ಡಿಲಿಮಿಟರ್’ನಲ್ಲಿ, ನೋಟ್‌ಪ್ಯಾಡ್‌ನಲ್ಲಿ ಕಂಡ ಚಿಹ್ನೆಯನ್ನೇ ಆರಿಸಿ.

ಮೂರನೆಯದು ‘ಡೇಟಾ ಟೈಪ್ ಡಿಟೆಕ್ಷನ್’. ಇದು ಸಾಮಾನ್ಯವಾಗಿ ಮೊದಲ 200 ಸಾಲುಗಳನ್ನು ನೋಡಿ, ಯಾವ ಕಂಬ ಸಂಖ್ಯೆ, ಯಾವುದು ದಿನಾಂಕ ಎಂದು ತಾನೇ ಊಹಿಸುವಂತೆ ಇರುತ್ತದೆ. ಅದನ್ನು ‘ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್’ ಎಂದು ಬದಲಿಸಿ. ಆಗ ಸರ್ವೆ ನಂಬರ್, ಖಾತೆ ಸಂಖ್ಯೆ, ಸೊನ್ನೆಯಿಂದ ಶುರುವಾಗುವ ಸದಸ್ಯತ್ವ ಸಂಖ್ಯೆ ಎಲ್ಲವೂ ಪಠ್ಯವಾಗಿ, ಬರೆದಿದ್ದ ಹಾಗೆಯೇ ಉಳಿಯುತ್ತವೆ. ಕೂಡುವ ಕಳೆಯುವ ಪ್ರಸಂಗವಿಲ್ಲದ ಅಂಕಿಗಳನ್ನು ಸಂಖ್ಯೆ ಎಂದು ಪರಿಗಣಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಉಳಿದದ್ದು ಮೊತ್ತ ಮತ್ತು ದಿನಾಂಕ. ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿದರೆ ಪವರ್ ಕ್ವೆರಿ, ಅಂದರೆ ಮಾಹಿತಿಯನ್ನು ಪುಟಕ್ಕೆ ಇಳಿಸುವ ಮೊದಲು ಸರಿಪಡಿಸುವ ಎಕ್ಸೆಲ್‌ನ ಕಿಟಕಿ, ತೆರೆಯುತ್ತದೆ. ಮೊದಲ ಸಾಲು ಶೀರ್ಷಿಕೆಯಾಗಿ ಬಂದಿರದಿದ್ದರೆ ‘ಯೂಸ್ ಫಸ್ಟ್ ರೋ ಆ್ಯಸ್ ಹೆಡರ್ಸ್’ ಒತ್ತಿ. ಅದರ ಬೆನ್ನಿಗೇ ಬಲಬದಿಯ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಎಂಬ ಹಂತ ತಾನಾಗಿ ಸೇರಿಕೊಂಡರೆ ಅದನ್ನು ಅಳಿಸಿಹಾಕಿ. ಬಳಿಕ ದಿನಾಂಕದ ಕಂಬದ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಟೈಪ್’ನಲ್ಲಿರುವ ‘ಯೂಸಿಂಗ್ ಲೊಕೇಲ್’ಗೆ ಹೋಗಿ, ಬಗೆ ದಿನಾಂಕ, ಪ್ರದೇಶ ‘ಇಂಗ್ಲಿಷ್ (ಇಂಡಿಯಾ)’ ಎಂದು ಆರಿಸಿ. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಕ್ರಮವಿರುವ ಕಂಪ್ಯೂಟರ್ 05/04/2025 ಎಂಬುದನ್ನು ಮೇ 4 ಎಂದು ಓದುತ್ತದೆ, 25/04/2025 ಎಂಬುದನ್ನು ಓದಲಾರದೆ ಬಿಡುತ್ತದೆ. ಎರಡನೆಯ ತಪ್ಪು ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಕಂತಿನ ಗಡುವು ಮೀರಿದ ಮೇಲಷ್ಟೇ ಗೊತ್ತಾಗುತ್ತದೆ. ಮೊತ್ತದ ಕಂಬವನ್ನೂ ಇದೇ ಬಗೆಯಲ್ಲಿ ದಶಮಾಂಶ ಸಂಖ್ಯೆಯಾಗಿಸಿ, ‘ಕ್ಲೋಸ್ ಆ್ಯಂಡ್ ಲೋಡ್’ ಒತ್ತಿದರೆ ಕೋಷ್ಟಕ ಸಿದ್ಧ.

ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರಿಗೆ ಕೆಲಸ ಇನ್ನೂ ಹಗುರ. ಕಡತ ತೆರೆಯುವಾಗಲೇ ಆಮದು ಕಿಟಕಿ ಬರುತ್ತದೆ. ಅದರ ಕೆಳಗಿನ ಮುನ್ನೋಟದಲ್ಲಿ ಕಂಬದ ತಲೆಯನ್ನು ಒತ್ತಿ ‘ಟೆಕ್ಸ್ಟ್’ ಎಂದೋ, ದಿನ-ತಿಂಗಳು-ವರ್ಷ ಕ್ರಮದ ದಿನಾಂಕ ಎಂದೋ ಅಲ್ಲೇ ಆರಿಸಬಹುದು.

ಕೊನೆಗೆ ಕೋಷ್ಟಕದ ಸಾಲುಗಳ ಸಂಖ್ಯೆಯನ್ನು ಮೂಲ ಕಡತದ ಸಾಲುಗಳೊಂದಿಗೆ, ಶೀರ್ಷಿಕೆಯ ಸಾಲನ್ನು ಬಿಟ್ಟು, ಹೋಲಿಸಿ. ಸರ್ವೆ ನಂಬರಿನಲ್ಲಿ 12/3ರಂತೆ ಓರೆಗೀಟು ಇರುವ ನಾಲ್ಕೈದು ಸದಸ್ಯರನ್ನು ಹುಡುಕಿ, ಅವರ ಉತಾರದ ಪ್ರತಿಯೊಂದಿಗೆ ತಾಳೆ ನೋಡಿ.