ಕಾಳಿ ನದಿಯ ದಡದಲ್ಲಿ ಅರ್ಧ ಹಾಳೆಯ ಅಪಘಾತ ವರದಿ: ನನ್ನ ಅನುಭವ

ಗಣೇಶಗುಡಿಯ ಒಂದು ಸಣ್ಣ ರಾಫ್ಟಿಂಗ್ ಕೇಂದ್ರದ ಸುರಕ್ಷತೆಯ ಹೊಣೆ ನನ್ನ ಮೇಲೆ ಬಿದ್ದು ಸುಮಾರು ಏಳು ವರ್ಷಗಳಾದವು. ಅಪಘಾತದ ವರದಿಯನ್ನು ದಡದಲ್ಲಿಯೇ, ಗೈಡ್‌ಗಳ ಕೈಯಿಂದಲೇ ಬರೆಸುತ್ತೇನೆಂದು ಹೊರಟಾಗ ನಮ್ಮ ಮಾಲೀಕರು, "ನಮ್ಮ ವಿರುದ್ಧ ನಾವೇ ಸಾಕ್ಷಿ ಬರೆದಿಡುವುದೇ?" ಎಂದು ಕೇಳಿದ್ದರು. ಅಕ್ಕಪಕ್ಕದ ಕೇಂದ್ರದವರಂತೂ ನನಗೆ 'ಶಾನುಭೋಗರು' ಎಂದು ಹೆಸರಿಟ್ಟರು. ಅವರಲ್ಲಿಯೇ ಇಬ್ಬರು ಕಳೆದ ವರ್ಷ ನಮ್ಮ ಹಾಳೆಯ ನಕಲನ್ನು ಕೇಳಿ ಪಡೆದು ಹೋದದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ಮಾಡಿಸಿದ್ದು ನಾಲ್ಕು ಪುಟಗಳ ಇಂಗ್ಲಿಷ್ ನಮೂನೆ. ಮುದ್ರಣಕ್ಕೆ ಎರಡು ಸಾವಿರ ರೂಪಾಯಿಯಷ್ಟು ಖರ್ಚಾಯಿತು. ತುಂಬಿ ಬಂದವು ಮೂರೋ ನಾಲ್ಕೋ. ಅವುಗಳಲ್ಲಿಯೂ 'ಕಾರಣ' ಎಂಬಲ್ಲಿ ಎಲ್ಲರದೂ ಒಂದೇ ಉತ್ತರ: ಅತಿಥಿಯ ಅಜಾಗರೂಕತೆ. ಮರುವರ್ಷ ಮೊಬೈಲ್ ಗುಂಪಿಗೆ ಧ್ವನಿ ಸಂದೇಶ ಕಳಿಸಿರೆಂದೆ. ನದಿಯ ಬದಿಯಲ್ಲಿ ಸಿಗ್ನಲ್ ಇರುತ್ತಿರಲಿಲ್ಲ. ಸಂಜೆ ಬಂದು ತಲುಪಿದ ಸಂದೇಶಗಳು ಶುಭೋದಯದ ಚಿತ್ರಗಳ ನಡುವೆ ಹೂತುಹೋಗುತ್ತಿದ್ದವು.

ಮೂರನೆಯ ವರ್ಷ ಅರ್ಧ ಹಾಳೆಗೆ ಇಳಿದೆ, 'ಕಾರಣ'ದ ಕಲಮನ್ನೇ ತೆಗೆದುಹಾಕಿದೆ. ಎಲ್ಲಿ, ಎಷ್ಟು ಗಂಟೆಗೆ, ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರು ಎಷ್ಟಿತ್ತು, ಕಣ್ಣಿಗೆ ಕಂಡದ್ದೇನು, ಯಾರು ಏನು ಉಪಚಾರ ಮಾಡಿದರು, ಇಷ್ಟೇ. ಕನ್ನಡವೋ ಕೊಂಕಣಿಯೋ ನೇಪಾಳಿಯೋ, ಬರೆಯುವವನ ಇಷ್ಟ. ಒದ್ದೆ ಕೈಯಲ್ಲಿ ಪೆನ್ನಿನ ಶಾಯಿ ಹರಡುವುದರಿಂದ ಪೆನ್ಸಿಲನ್ನೇ ಮೀನು ಹಿಡಿಯುವ ದಾರದಿಂದ ಹಾಳೆಗಳನ್ನಿಡುವ ಪೆಟ್ಟಿಗೆಗೆ ಕಟ್ಟಿದೆ. ನದಿಗಿಳಿಯುವಾಗ ಯಾರೂ ಗಡಿಯಾರ ಕಟ್ಟುವುದಿಲ್ಲವಾದ್ದರಿಂದ ಅದುವರೆಗೆ ನಮ್ಮ ಅಪಘಾತಗಳೆಲ್ಲ ಹತ್ತೂವರೆಗೇ ಆಗುತ್ತಿದ್ದವು! ಇನ್ನೂರು ರೂಪಾಯಿಯ ಕೈಗಡಿಯಾರವೊಂದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಮೇಲೆ ಸಮಯ ಸರಿಹೋಯಿತು. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನೂ ಬರೆಯುವಂತೆ ಹಿರಿಯ ಗೈಡ್‌ಗಳನ್ನು ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಚಹಾಕ್ಕೆ ಬಂದವರಿಗೆ ಹೇಳುತ್ತೇನೆ.

ಆ ಋತುವಿನಲ್ಲಿ ಅರವತ್ತರ ಹತ್ತಿರ ಹಾಳೆಗಳು ಬಂದವು. ನಾವು ಹೆದರಿ ಸಾಯುತ್ತಿದ್ದುದು ರಾಪಿಡ್‌ಗಳಿಗೆ, ಅಂದರೆ ನೀರು ರಭಸದಿಂದ ನುಗ್ಗುವ ಜಾಗಗಳಿಗೆ. ಆದರೆ ಅರ್ಧಕ್ಕಿಂತ ಹೆಚ್ಚು ಗಾಯಗಳಾಗಿದ್ದದ್ದು ಇಳಿಯುವ ಜಾಗದ ಪಾಚಿಗಟ್ಟಿದ ಬಂಡೆಗಳ ಮೇಲೆ, ರಾಫ್ಟಿನಿಂದ ಹೊರಗೆ ಕಾಲಿಟ್ಟ ಮೊದಲ ನಾಲ್ಕು ಹೆಜ್ಜೆಗಳಲ್ಲಿ. ಗೋಣಿಚೀಲ ಹಾಸಿ ನೋಡಿದೆ. ವಾರದೊಳಗೆ ಚೀಲಕ್ಕೇ ಪಾಚಿ ಹಿಡಿದು ಇನ್ನಷ್ಟು ಜಾರತೊಡಗಿತು. ಹಳೆಯ ಟೈರ್ ಸೀಳಿ ಹಾಸಿದೆ. ನೀರು ಏರಿದ ದಿನ ಅದೂ ತೇಲಿಹೋಯಿತು. ಕೊನೆಗೆ ಮೆಟ್ಟಿಲು ಕಡಿಸಿ, ಹಿಡಿದು ಇಳಿಯಲು ಹಗ್ಗ ಬಿಗಿಸಿದೆವು. ಕೂಲಿಯೂ ಸೇರಿ ಒಂಬತ್ತು ಸಾವಿರದಷ್ಟಾಯಿತು. ಮರುವರ್ಷ ಅಲ್ಲಿ ಜಾರಿದವರು ಆರೇಳು ಮಂದಿ ಮಾತ್ರ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಹಾಳೆಗಳೇ ಬದಲಿಸಿದವು. ಹದಿನೆಂಟು ಸಾವಿರ ಕೊಟ್ಟು ತಂದಿದ್ದ ಪೆಟ್ಟಿಗೆಯ ಬಹುಪಾಲು ಸಾಮಾನು ಬಳಕೆಯಾಗದೆ ಅವಧಿ ಮುಗಿಸಿತ್ತು; ದಿನವೂ ಬೇಕಾಗುವ ಪ್ಲಾಸ್ಟರ್ ಒದ್ದೆ ಚರ್ಮಕ್ಕೆ ಅಂಟುತ್ತಲೇ ಇರಲಿಲ್ಲ. ಈಗ ಒಣ ಬಟ್ಟೆ, ತ್ರಿಕೋನ ಬ್ಯಾಂಡೇಜು, ಮುರಿದ ಕೈಕಾಲಿಗೆ ಕಟ್ಟುವ ಪಟ್ಟಿ ಮೇಲೆಯೇ ಇರುತ್ತವೆ. ಜಲಾಶಯದ ಆಳದಿಂದ ಬರುವ ನೀರು ತಣ್ಣಗಿರುವುದರಿಂದ ನಡುಗುವವರಿಗೆ ಹೊಳೆಯುವ ತೆಳು ಹೊದಿಕೆಗಿಂತ ನಮ್ಮ ಕುರಿಕಂಬಳಿಯೇ ಒಳ್ಳೆಯದೆಂಬುದು ನನ್ನ ಅನುಭವ, ಆದರೆ ಒದ್ದೆ ಬಟ್ಟೆಯನ್ನು ಮೊದಲು ತೆಗೆಸಬೇಕು. ಮುಳುಗಿದವರ ಹೊಟ್ಟೆ ಒತ್ತುವ ಹಳೆಯ ಚಾಳಿಯನ್ನು ಬಿಡಿಸಲು ಎರಡು ವರ್ಷ ಹಿಡಿಯಿತು; ಉಸಿರು ನಿಂತಿದ್ದರೆ ಮೊದಲು ಐದು ಸಲ ಉಸಿರು ಕೊಟ್ಟು, ಆಮೇಲೆ ಎದೆಯ ಮೇಲೆ ಮೂವತ್ತು ಒತ್ತಿಗೆ ಎರಡು ಉಸಿರಿನಂತೆ ಮುಂದುವರಿಯುವುದು ಈಗ ಎಲ್ಲ ಹುಡುಗರಿಗೂ ಬಾಯಿಪಾಠ. ನೀರು ಕುಡಿದು ಕೆಮ್ಮುತ್ತಿರುವವರು "ನನಗೇನೂ ಆಗಿಲ್ಲ" ಎಂದರೂ ಕೋಣೆಗೆ ಬಿಡುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಉಸಿರು ಎಣಿಸಿ ಬರೆಯುತ್ತಾ ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ಹಾಳೆಯ ಪ್ರತಿಯೂ ಜೊತೆಗೇ ಹೋಗುತ್ತದೆ. ಎಷ್ಟು ಹೊತ್ತು ನೀರಿನಲ್ಲಿದ್ದರು ಎಂಬ ವೈದ್ಯರ ಮೊದಲ ಪ್ರಶ್ನೆಗೆ ಈಗ ನಾವು ತಲೆ ಕೆರೆದುಕೊಳ್ಳುವುದಿಲ್ಲ.

ಮಾಲೀಕರ ಮನಸ್ಸು ಬದಲಾದದ್ದು ಹಣದ ವಿಷಯದಲ್ಲಿ. ಭುಜದ ಕೀಲು ತಪ್ಪಿದ ಅತಿಥಿಯೊಬ್ಬರು ನಾಲ್ಕು ತಿಂಗಳ ನಂತರ, ತಮ್ಮನ್ನು ಆಸ್ಪತ್ರೆಗೆ ಕಳಿಸಲಿಲ್ಲವೆಂದು ಪರಿಹಾರ ಕೇಳಿದರು. ಕಾರು ಸಿದ್ಧವಿದ್ದರೂ ತಾವೇ ಬೇಡವೆಂದದ್ದು ಅವರ ಸಹಿಯೊಂದಿಗೆ ಹಾಳೆಯಲ್ಲಿತ್ತು. ಆದರೆ ಇನ್ನೊಮ್ಮೆ ಹಾಳೆ ನಮ್ಮ ಮೇಲೆಯೇ ತಿರುಗಿತು: ಲೈಫ್ ಜಾಕೆಟ್ಟಿನ ಬಕಲ್ ಒಡೆದಿತ್ತೆಂದು ನಮ್ಮ ಹುಡುಗನೇ ಬರೆದಿದ್ದ, ಹನ್ನೊಂದು ಸಾವಿರದ ಆಸ್ಪತ್ರೆ ಬಿಲ್ಲು ನಾವೇ ಕಟ್ಟಿದೆವು. ಆ ಹುಡುಗನನ್ನು ಯಾರೂ ಗದರಿಸದಂತೆ ನೋಡಿಕೊಂಡದ್ದರಿಂದಲೇ ಹಾಳೆಗಳು ಇಂದಿಗೂ ಬರುತ್ತಿವೆ.

ಈ ವರ್ಷದ ಹಾಳೆಗಳಲ್ಲಿ ಹೆಚ್ಚಿಗೆ ಕಾಣುತ್ತಿರುವುದು ಹುಟ್ಟಿನ ಹಿಡಿ ಪಕ್ಕದವರ ಬಾಯಿಗೆ ಬಡಿದು ತುಟಿ ಒಡೆಯುವುದು, ಹಲ್ಲು ಅಲುಗುವುದು. ಹಿಡಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರೆಂದು ಹೊರಡುವ ಮುನ್ನ ಮೂರು ಸಲ ಹೇಳಿಸಿದೆ, ರಬ್ಬರ್ ಚೆಂಡನ್ನು ಸೀಳಿ ಹಿಡಿಗೆ ತೊಡಿಸಿಯೂ ನೋಡಿದೆ. ಚೆಂಡು ಎರಡನೆಯ ರಾಪಿಡ್ಡಿನಲ್ಲಿಯೇ ಕಳಚಿ ಹೋಯಿತು.